ಕಳಕಮ್ಮ ಹೇಳಿದ ಗಡಿ

ಇರಕಲ್ಲಗಡದ ಆಚೆಗಿನ ಗುಡ್ಡದಲ್ಲಿ ಯಾವ ಸೀತಾಫಲದ ಗಿಡ ಮೊದಲು ಕಣ್ಣು ಬಿಡುತ್ತದೆಂದು ತಿಳಿಯಬೇಕಾದರೆ ನಾಯಕರ ಕಳಕಮ್ಮನನ್ನೇ ಕೇಳಬೇಕು. ಕಾಯಿಯ ಗೆರೆಗಳು ಬೆಳ್ಳಗೆ ಅಗಲವಾಗುವುದಕ್ಕೆ ಅಲ್ಲಿ ಕಣ್ಣು ಬಿಡುವುದು ಎನ್ನುತ್ತಾರೆ. ಅದಕ್ಕೆ ಮುಂಚೆ ಕಿತ್ತರೆ ಕಾಯಿ ಹಣ್ಣಾಗದೆ ಕರ್ರಗಾಗುತ್ತದೆ. ಎಳೆಗಾಯಿ ಕಿತ್ತವರು ಯಾರೇ ಇರಲಿ, ಅರವತ್ತು ದಾಟಿದ ಕಳಕಮ್ಮ ಊರ ಮುಂದೆ ನಿಲ್ಲಿಸಿ ನೀರಿಳಿಸುತ್ತಾಳೆ.

ಆದರೆ ಕಾಗದದಲ್ಲಿ ಗುಡ್ಡ ಸರ್ಕಾರದ್ದು. ವರ್ಷಾ ವರ್ಷಾ ಹಣ್ಣಿನ ಹರಾಜಾಗುತ್ತಿತ್ತು. ಗುತ್ತಿಗೆದಾರನ ಆಳುಗಳು ಎಳೆಗಾಯಿಯನ್ನೂ ಬಡಿದು ಉದುರಿಸುತ್ತಿದ್ದರು. ಅಜ್ಜಿಯ ಕಾಲದಿಂದ ಹತ್ತಿದ ಗುಡ್ಡದಲ್ಲಿ ಕಳಕಮ್ಮನ ಬುಟ್ಟಿ ಮಾತ್ರ ಕಳವಿನ ಮಾಲು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಊರವರು ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರು. ಅದಕ್ಕೆಂದು ಊರು ಮಾಡಿದ ಸಮಿತಿಯ ಅಧ್ಯಕ್ಷ ಕಳಕಮ್ಮನ ತಮ್ಮ ಹುಸೇನಪ್ಪ. ಹೋದ ವರ್ಷ ತಾಲೂಕಿನ ಅಧಿಕಾರಿಯೊಬ್ಬರು ನಕಾಶೆ ಹಿಡಿದು ಗಡಿ ನೋಡಲು ಗುಡ್ಡ ಹತ್ತಿದರು.

ಆ ಗುಡ್ಡಕ್ಕೆ ಏಳು ಕೊಳ್ಳಗಳು. ಆರು ಕೊಳ್ಳ ಆರು ಮನೆತನಕ್ಕೆ. ಒಬ್ಬರದರಲ್ಲಿ ಇನ್ನೊಬ್ಬರು ಕೈ ಹಾಕುವುದಿಲ್ಲ. ಹುಸೇನಪ್ಪ ಆ ಆರರ ಗಡಿ ತೋರಿಸಿ ನಿಂತುಬಿಟ್ಟ. ಏಳನೆಯದು ಕರಡಿಗೆ ಬಿಟ್ಟದ್ದು, ಅಲ್ಲಿ ಯಾರೂ ಹಣ್ಣು ಮುಟ್ಟುವುದಿಲ್ಲ. ಮುಟ್ಟದ್ದನ್ನು ನಮ್ಮದೆಂದು ಬರೆಸುವುದು ಹೇಗೆ ಎಂದು ಆ ಪುಣ್ಯಾತ್ಮ ಅದನ್ನು ಅರ್ಜಿಯಲ್ಲೇ ಸೇರಿಸಿರಲಿಲ್ಲ. ಇಂಥ ನಿಯತ್ತಿನ ತಪ್ಪು ನಮ್ಮ ನಾಯಕ ಮಂದಿಯೇ ಮಾಡಬೇಕು!

"ಹಂಗಾರ ಇದು ಇಲಾಖೇದು," ಎಂದರು ಅಧಿಕಾರಿ. "ನೀವು ಬಳಸೂದಿಲ್ಲಲ್ಲ. ಇದರ ಹರಾಜು ನಡೀತೈತಿ."

ಜೊತೆಗೆ ಗುಡ್ಡ ಹತ್ತಿದ್ದ ಕಳಕಮ್ಮ ಲೆಕ್ಕ ಹಾಕಿದಳು. ಅಲ್ಲಿ ಹಣ್ಣು ಖಾಲಿಯಾಗಿ ಕರಡಿ ಇತ್ತ ಬಂದರೆ, ಉಳಿದ ಆರು ಕೊಳ್ಳಕ್ಕೂ ಯಾವ ಹೆಂಗಸು ಬುಟ್ಟಿ ಹೊತ್ತು ಹೋದಾಳು? ತಮ್ಮನನ್ನು ಪಕ್ಕಕ್ಕೆ ಸರಿಸಿ ಅವಳೇ ಮುಂದೆ ಬಂದಳು.

"ಸಾಹೇಬ್ರ, ಈ ಕೊಳ್ಳಾ ಕರಡಿಗೆ ಬಿಟ್ಟವ್ರು ಯಾರ್ರಿ?"

"ನೀವ."

"ಗುತ್ತಿಗೆದಾರನ ಆಳು ಇಲ್ಲಿ ಬಂದಾಗ ಅಡ್ಡ ನಿಂತವ್ರೂ ನಾವ, ನಮ್ಮೂರ ಹೆಣ್ಮಕ್ಕಳು. ಇಲಾಖೆ ಬಂದಿತ್ತೇನ್ರಿ? ಹಣ್ಣು ಹರಿಯೂದಷ್ಟ ಹಕ್ಕಲ್ರಿ. ಹರೀದಂಗ ಕಾಯೂದೂ ನಮ್ಮ ಹಕ್ಕೈತಿ. ಬರಕೋರಿ!"

ಅಧಿಕಾರಿ ನಕಾಶೆಯಲ್ಲಿ ಏಳನೆಯ ಕೊಳ್ಳಕ್ಕೆ ಪೆನ್ನಿನಿಂದ ಗುರುತು ಹಾಕಿಕೊಂಡರು. ಕಾಡು ಕಾಯುವವರಿಗೂ ಕಾಯ್ದೆಯಲ್ಲಿ ಹಕ್ಕಿದೆ. ಅದು ಅಧಿಕಾರಿಗೆ ಗೊತ್ತಿತ್ತು, ಈವರೆಗೆ ಯಾರೂ ಕೇಳಿರಲಿಲ್ಲ ಅಷ್ಟೇ. ಗ್ರಾಮಸಭೆಯ ಠರಾವು ತನ್ನಿ, ಸೇರಿಸುತ್ತೇನೆ ಎಂದರು. ಆ ವಾರವೇ ಊರು ಕೂಡಿ ಠರಾವು ಮಾಡಿತು.

ಈ ವರ್ಷ ಹಕ್ಕುಪತ್ರ ಬಂತು. ಕೊಪ್ಪಳದಿಂದ ತರುವಾಗ ಬಸ್ಸಿನಲ್ಲಿ ಹುಸೇನಪ್ಪ ಅಕ್ಕನಿಗೆ ಓದಿ ಹೇಳಿದ. ತನ್ನ ಮನೆತನದ ಕೊಳ್ಳದ ಹೆಸರು ಬಂದಾಗ ಕಳಕಮ್ಮ ಬರೀ ತಲೆಯಾಡಿಸಿದಳು. ಏಳನೆಯದರ ಮುಂದೆ "ಗ್ರಾಮಸಭೆ ಕಾಯುವ ಕಾಡು" ಎಂದಿತ್ತು.

"ಇನ್ನೊಮ್ಮಿ ಓದೋ ತಮ್ಮಾ," ಎಂದಳು, "ಬಸ್ಸಿನ್ಯಾಗಿದ್ದವ್ರಿಗೆಲ್ಲಾ ಕೇಳಲಿ."