ವಿಭೂತಿ ಹಚ್ಚಿಸಿಕೊಂಡ ಕ್ಲಚ್ಚು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಇರಲಿ. ಆ ಸಿಟ್ಟಿಲ್ಲದಿದ್ದರೆ ನನ್ನ ಹಳೆಯ ಕಾರು ಎಂದೋ ಗುಜರಿ ಸೇರಿರುತ್ತಿತ್ತು.

ಸುರಪುರದ ಮನೆಯಿಂದ ಕೊಡೇಕಲ್ ಕಡೆಯ ಹೈಸ್ಕೂಲಿಗೆ ಹೋಗಿ ವಿಜ್ಞಾನ ಕಲಿಸುವವಳು ನಾನು. ನಮ್ಮ ಓಣಿಯಲ್ಲಿ ಮೊದಲು ಸ್ಟೀರಿಂಗ್ ಹಿಡಿದ ಹೆಂಗಸು. ಆದರೆ ನನ್ನ ಕಾರಿನದು ವೈರಿನ ಕ್ಲಚ್ಚು. ಪೆಡಲ್ ಒತ್ತಿದಾಗೆಲ್ಲ ಒಂದು ಉಕ್ಕಿನ ವೈರು ಎಳೆದು ಅದನ್ನು ಬಿಡಿಸಬೇಕು. ಗಾಡಿಗೆ ವಯಸ್ಸಾದಂತೆ ಪೆಡಲ್ಲು ಬಾವಿಯಿಂದ ತುಂಬಿದ ಕೊಡ ಸೇದಿದಷ್ಟು ಭಾರವಾಯಿತು, ನನ್ನ ಎಡ ಮೊಣಕಾಲೂ ಸವೆಯಿತು. ಒಂದು ಬೆಳಿಗ್ಗೆ ದಾರಿಯಲ್ಲಿ ಕುರಿಹಿಂಡು ಸಿಕ್ಕಿತು. ಅದರ ಹಿಂದೆ ತೆವಳುತ್ತ, ಕ್ಲಚ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಕೊನೆಗೆ ಕಾಲು ನಡುಗಿ ಜಾರಿತು. ಗಾಡಿ ಮುಂದಕ್ಕೆ ಜಿಗಿದು, ಒಂದು ಮರಿಯಿಂದ ಗೇಣು ದೂರದಲ್ಲಿ ಬಂದ್ ಆಗಿ ನಿಂತಿತು. ಕುರಿ ಕಾಯುವವಳು ನನ್ನ ಏಳು ತಲೆಮಾರನ್ನು ತೊಳೆದಿಟ್ಟಳು. ತಪ್ಪು ನನ್ನದೇ, ಬೈಸಿಕೊಂಡೆ.

ಯಾದಗಿರಿಯ ಎಲುಬಿನ ಡಾಕ್ಟರು ಮೊಣಕಾಲಿನ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. “ಟೀಚರ್ರೀ, ಇನ್ನ ಗಾಡಿ ಬಿಡ್ರಿ. ಬಸ್ಸಿನಾಗ ಓಡಾಡ್ರಿ. ಅಷ್ಟು ಬಿಗಿ ಪೆಡಲ್ ಈ ಕಾಲಿಗೆ ಆಗಂಗಿಲ್ಲ.”

“ಮಾರಿಬಿಡು, ಹಠಾ ಯಾಕ ಮಾಡ್ತಿ?” ಅಂದರು ಮನೆಯವರು. ನನಗೆ ಸಿಟ್ಟಿಗೆ ಅಳುವೇ ಬಂತು. ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಕೀಲಿಕೈ ತಿರುಗಿಸಿ ಹೊರಟುಬಿಡುವುದು ಎಂಥ ಸುಖ ಎಂಬುದು ಹುಟ್ಟಿದಾಗಿನಿಂದ ಹಾಗೇ ಹೊರಟು ರೂಢಿಯಾದ ಗಂಡಸರಿಗೆ ಹೇಗೆ ತಿಳಿಯಬೇಕು?

ಶಹಾಪುರದಲ್ಲಿ ನಮ್ಮ ಗಾಡಿ ನೋಡುವ ಉಸ್ತಾದರಿದ್ದಾರೆ, ಜೀಪುಗಳನ್ನು ಬಿಚ್ಚಿ ಕಟ್ಟುವುದರಲ್ಲೇ ಗಡ್ಡ ಬೆಳ್ಳಗಾದವರು. ಅವರು ಪೆಡಲನ್ನು ಕೈಯಿಂದ ಒತ್ತಿ ನೋಡಿ ಮುಖ ಕಿವುಚಿದರು. “ವೈರ್ ಕಿತ್ತು ಎಣ್ಣಿ ಕ್ಲಚ್ ಕೂಡಿಸಬೋದ್ರಿ ಅಕ್ಕಾರ. ಪೆಡಲ್ ಹತ್ರ ಒಂದು ಸಿಲಿಂಡರ್, ಕೆಳಗ ಗೇರ್‌ಬಾಕ್ಸಿಗೆ ಒಂದು ಸಿಲಿಂಡರ್, ನಡುವ ಪೈಪಿನಾಗ ಬ್ರೇಕ್ ಆಯಿಲ್. ಆದ್ರ ಈ ಗಾಡಿಗೆ ನಾ ಒಮ್ಮೆನೂ ಮಾಡಿಲ್ಲ. ಎಷ್ಟು ದಪ್ಪಂದು ಹಾಕಬೇಕು, ಅದ ತಿಳಿವಲ್ದು.”

ನನಗೆ ನಗು ಬಂತು. ವರ್ಷಾ ವರ್ಷ ನಾನು ಮಕ್ಕಳಿಗೆ ತೋರಿಸುವ ಪಾಠವೇ ಇದು! ಮರುದಿನ ಶಾಲೆಯ ಪೆಟ್ಟಿಗೆಯಿಂದ ಸೂಜಿಯಿಲ್ಲದ ಎರಡು ಸಿರಿಂಜು ಒಯ್ದೆ. ಒಂದು ಸಣ್ಣದು, ಒಂದು ದೊಡ್ಡದು, ನಡುವೆ ನೀರು ತುಂಬಿದ ನಳಿಕೆ. ದೊಡ್ಡದರ ಮೇಲೆ ನನ್ನ ಊಟದ ಡಬ್ಬಿ ಇಟ್ಟು, ಸಣ್ಣದನ್ನು ಉಸ್ತಾದರ ಕೈಗೆ ಕೊಟ್ಟೆ. ಅವರು ಒಂದೇ ಬೆರಳಿಂದ ಒತ್ತಿದರು. ಡಬ್ಬಿ ಎದ್ದಿತು, ಆದರೆ ಸ್ವಲ್ಪವೇ.

“ಮ್ಯಾಲ ಸಣ್ಣದಿದ್ರ ಹಗುರ. ಭಾಳ ಸಣ್ಣದಾದ್ರ ಕ್ಲಚ್ ಪೂರಾ ಬಿಡಂಗಿಲ್ಲ,” ಎಂದರು ತಮಗೆ ತಾವೇ. ಎರಡು ವಾರ ಹುಡುಕಿ ಸರಿಯಾದ ಜೋಡಿ ತಂದರು. ಅದನ್ನು ಕೂಡಿಸಲು ಕಬ್ಬಿಣದ ಪಟ್ಟಿ ಕತ್ತರಿಸಿ ಬೆಸುಗೆ ಹಾಕಿದರು. ವೈರು ಹೊರಬಂತು.

ಮೇಲಿನ ಸಿಲಿಂಡರಿನ ಡಬ್ಬಿಗೆ ಎಣ್ಣೆ ಸುರಿದು, “ನಮಾಜ್ ಮುಗಿಸಿ ಬರ್ತೀನ್ರಿ, ಆಮ್ಯಾಲ ಗಾಳಿ ತೆಗಿಯೋಣು,” ಎಂದು ಹೋದರು. ಮುಚ್ಚಳ ತೆಗೆದೇ ಇತ್ತು. ನಮ್ಮ ಮನೆಯಲ್ಲಿ ಮಿಕ್ಸರ್ ಬಂದರೂ ವಿಭೂತಿ ಹಚ್ಚದೆ ಗುಂಡಿ ಒತ್ತುವುದಿಲ್ಲ. ತಿಂಥಣಿಯ ಗುಡಿಯಿಂದ ತಂದದ್ದು ಪರ್ಸಿನಲ್ಲಿತ್ತು. ಹೊಸ ಸಿಲಿಂಡರಿಗೆ ಮೂರು ಬೆರಳು ಎಳೆದು, ಉಳಿದದ್ದನ್ನು ಅಲ್ಲೇ ಕೊಡವಿ, ಕೈಮುಗಿದೆ.

ಉಸ್ತಾದರು ಬಂದು ಗಾಡಿಯ ಕೆಳಗೆ ಮಲಗಿದರು. “ಒತ್ರಿ... ಹಿಡೀರಿ... ಬಿಡ್ರಿ.” ಪೈಪಿನ ಗಾಳಿಯೆಲ್ಲ ಹೋದ ಮೇಲೆ ಪೆಡಲ್ಲು ಎಷ್ಟು ಹಗುರವಾಗಿತ್ತೆಂದರೆ, ನಾನು ಸುಮ್ಮನೆ ಹತ್ತಾರು ಸಲ ಒತ್ತಿದೆ. ಸುರಪುರಕ್ಕೆ ಹಾಡಿಕೊಂಡೇ ಹೋದೆ.

ಮೂರನೆಯ ದಿನ ಮನೆಯ ಮುಂದೆಯೇ ಪೆಡಲ್ಲು ಮೆಲ್ಲಗೆ ತಳಕ್ಕಿಳಿದು ಅಲ್ಲೇ ಉಳಿಯಿತು. ಗೇರು ಬೀಳಲೊಲ್ಲದು. ಮನೆಯವರು ಕೈಗಡಿಯಾರ ನೋಡಿ ಬಸ್ಸಿನ ಹೊತ್ತು ಹೇಳಿದರು. ಉಸ್ತಾದರು ಮೋಟಾರ್ ಸೈಕಲ್ಲಿನಲ್ಲಿ ಓಡಿ ಬಂದು ಸಿಲಿಂಡರ್ ಬಿಚ್ಚಿದರು. ಒಳಗೆ ಎಣ್ಣೆ ತಡೆಯುವ ರಬ್ಬರಿನ ಅಂಚು ಗೀರಿಹೋಗಿತ್ತು, ಅದಕ್ಕೆ ಬೂದುಬಣ್ಣದ ಕೆಸರು. ಬೆರಳಲ್ಲಿ ತಿಕ್ಕಿ ನೋಡಿ, “ಧೂಳಿ ಹೆಂಗ ಹೊಕ್ಕಿತು?” ಎಂದು ತಲೆ ಕೆರೆದುಕೊಂಡರು.

ರಸ್ತೆಯ ಧೂಳು ಎಂದಿದ್ದರೆ ನಂಬಿಬಿಡುತ್ತಿದ್ದರು. ಆದರೆ ತಪ್ಪು ಮಾಡಿ ಇನ್ನೊಬ್ಬರ ಕೆಲಸದ ಮೇಲೆ ಹೊರಿಸುವ ಜಾಯಮಾನ ನನ್ನದಲ್ಲ.

“ಧೂಳಿ ಅಲ್ಲ ಉಸ್ತಾದ್. ವಿಭೂತಿ. ನಾನ ಹಚ್ಚಿದ್ದು.”

ಅವರು ನನ್ನನ್ನೂ ಬೆರಳನ್ನೂ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮುಚ್ಚಳ ತೆಗೆದಿಟ್ಟು ಹೋದಾಂವ ನಾನ ಬಿಡ್ರಿ. ಪೂಜಾ ಹೊರಗ ಸಾಕ್ರಿ ಅಕ್ಕಾರ, ಒಳಗ ಎಣ್ಣಿ ಒಂದ ಇರ್ಲಿ.” ಎಲ್ಲ ತೊಳೆದು ಹೊಸ ರಬ್ಬರ್ ಹಾಕಿದರು. ಮುಚ್ಚಳ ಬಿಗಿಯಾಗಿ ತಿರುವಿ, “ಈಗ ಹಚ್ರಿ,” ಎಂದು ತಾವೇ ಪಕ್ಕಕ್ಕೆ ಸರಿದು ನಿಂತರು. ಹಚ್ಚಿದೆ.

ಮುಂದಿನ ತಿಂಗಳು ಕಾಲು ತೋರಿಸಲು ಯಾದಗಿರಿಗೆ ಹೋದೆ. ಡಾಕ್ಟರು ಮೊಣಕಾಲನ್ನು ಮಡಚಿ ಬಿಡಿಸಿ, “ಬಾವು ಇಳದೈತಿ. ನೋಡ್ರಿ, ಬಸ್ಸಿನಾಗ ಓಡಾಡಿದ್ದು ಚಲೋ ಆತು,” ಎಂದರು.

ನಾನು ಕೀಲಿಕೈಯನ್ನು ಅವರ ಮೇಜಿನ ಮೇಲಿಟ್ಟೆ. ನಂಬದೆ ನನ್ನ ಜೊತೆ ಕೆಳಗಿಳಿದು ಬಂದರು. ನನ್ನ ಸೀಟಿನಲ್ಲಿ ಕೂತು ಪೆಡಲ್ ಒತ್ತಿದರು, ಇನ್ನೊಮ್ಮೆ ಒತ್ತಿದರು.

“ಯಾರ ಮಾಡಿದ್ರೀ ಇದನ್ನ?”

“ಶಹಾಪುರದ ಉಸ್ತಾದರು,” ಅಂದೆ. ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. “ಮತ್ತ ನಾನು.”