ಜಿನ್ನಪ್ಪ ಹುಡುಕಿದ ದೆವ್ವ

ಕಬ್ಬೂರಿನ ಜಿನ್ನಪ್ಪನಿಗೆ ದೆವ್ವದ ಸಿನಿಮಾ ಅಂದರೆ ಸಾಕಾಗಿ ಹೋಗಿತ್ತು. ಸಾಕಾಗಿತ್ತು ಅಂದರೆ ನೋಡುವುದು ಬಿಟ್ಟಿದ್ದ ಅಂತ ತಿಳಿಯಬೇಡಿ, ದಿನಾ ನೋಡುತ್ತಿದ್ದ. ಮಧ್ಯಾಹ್ನ ಉಂಡು ತೋಟಕ್ಕೆ ಹೋಗುವುದು, ಮೋಟಾರು ಚಾಲೂ ಮಾಡಿ ಕಬ್ಬಿಗೆ ನೀರು ಬಿಡುವುದು, ಪಂಪಿನ ಮನೆಯ ನೆರಳಿಗೆ ಗೋಣಿಚೀಲ ಹಾಸಿ ಫೋನನ್ನು ಒಂದು ಇಟ್ಟಿಗೆಗೆ ಆನಿಸಿಟ್ಟು ಕೂರುವುದು. ಕರೆಂಟು ಹೋಗುವ ತನಕ ಮನುಷ್ಯ ಏಳುತ್ತಿರಲಿಲ್ಲ.

ನೋಡುತ್ತಿದ್ದದ್ದಾದರೂ ಎಂಥವು? ಹೊಸವಲ್ಲ, ಹೆಸರು ಮಾಡಿದವೂ ಅಲ್ಲ. ಮಾಡಿದವರೇ ಮರೆತುಬಿಟ್ಟ ಹಳೇ ಹಿಂದಿ, ಮರಾಠಿ ಚಿತ್ರಗಳು. ಬಣ್ಣ ಇಳಿದು ಎಲ್ಲರ ಮುಖವೂ ಬದನೆಕಾಯಿಯಂತೆ ಕಾಣುವಂಥವು. ದಾರಕ್ಕೆ ಕಟ್ಟಿದ ಬಾವಲಿ, ರಟ್ಟಿನ ಗೋರಿ, ಗಾಳಿಗೆ ಅಲ್ಲಾಡುವ ಕಲ್ಲಿನ ಗೋಡೆ! ಒಂದು ಚಿತ್ರದಲ್ಲಿ ಸತ್ತ ಮುದುಕ ಇನ್ನೊಂದರಲ್ಲಿ ಅದೇ ಕೋಟು ಹಾಕಿಕೊಂಡು ಪೊಲೀಸ್ ಆಗಿ ಬರುತ್ತಿದ್ದ. ಅದೇ ಹಾಳು ಬಂಗಲೆ, ಅದೇ ಗಡಿಯಾರ, ಅದೇ ಹೊಗೆ. ಜಿನ್ನಪ್ಪ ಆಕಳಿಸುತ್ತಾ ನೋಡುತ್ತಿದ್ದ. ಹೆದರಿಕೆ ಹೋಗಿ ಎಷ್ಟೋ ಕಾಲವಾಗಿತ್ತು, ಈಗೀಗ ನಗುವೂ ಬರುತ್ತಿರಲಿಲ್ಲ.

"ಜಿನ್ನಪ್ಪಣ್ಣಾ, ವಯಸ್ಸಾತು, ಬಸದ್ಯಾಗ ಕುಂತು ಜಪಾ ಮಾಡೂದು ಬಿಟ್ಟು ಇದೇನ ಹುಚ್ಚೋ ಮಾರಾಯಾ?" ಅಂತ ಊರವರು ಕೇಳುತ್ತಿದ್ದರು.

"ಇದೂ ಜಪಾನ ತಗೋರಿ," ಅಂತಿದ್ದ ಜಿನ್ನಪ್ಪ. ಹೆಚ್ಚು ಹೇಳುವ ಹುರುಪು ಅವನಲ್ಲಿ ಉಳಿದಿರಲಿಲ್ಲ.

ವಿಷಯ ಇಷ್ಟು. ಜಿನ್ನಪ್ಪನಿಗೆ ಒಬ್ಬ ಅಣ್ಣನಿದ್ದ, ಸನ್ಮತಿ. ಆರು ಫೂಟಿನ ಆಳು, ಬಾಗಿಲಿಗೆ ತಲೆ ಬಡಿಸಿಕೊಳ್ಳದೆ ಒಳಗೆ ಬಂದವನೇ ಅಲ್ಲ. ಆಗ ಇವರ ತೋಟದಲ್ಲಿ ಗಾಣವಿತ್ತು, ಬೆಲ್ಲ ಆಗುತ್ತಿತ್ತು. ಸನ್ಮತಿ ಲಾರಿಯಲ್ಲಿ ಬೆಲ್ಲ ಹೇರಿಕೊಂಡು ಕೊಲ್ಲಾಪುರದ ಪೇಟೆಗೆ ಹೋಗಿ ಬರುತ್ತಿದ್ದ. ಹೊರಡುವಾಗೆಲ್ಲ ತಾಯಿ ಲಕ್ಷ್ಮಿಬಾಯಿ ಒಂದು ತಗಡಿನ ಡಬ್ಬಿ ತುಂಬ ಕಾಕಂಬಿ ಕಟ್ಟಿಕೊಡುತ್ತಿದ್ದಳು. ಕಾಕಂಬಿ ಅಂದರೆ ಬೆಲ್ಲ ಗಟ್ಟಿಯಾಗುವ ಮೊದಲು ಕೊಪ್ಪರಿಗೆಯಿಂದ ತೆಗೆದಿಡುವ ಪಾಕ, ಬಿಸಿ ರೊಟ್ಟಿಗೆ ಸುರಿದುಕೊಂಡು ತಿನ್ನಬೇಕು. ಸನ್ಮತಿಗೆ ಅದು ಜೀವ. ಖಾಲಿ ಡಬ್ಬಿ ತರುವುದು, ತುಂಬಿದ್ದು ಒಯ್ಯುವುದು, ಹೀಗೇ ನಡೆದಿತ್ತು.

ಕೊಲ್ಲಾಪುರದಲ್ಲಿ ಆಗ ಯಾರೋ ಒಂದು ಸಿನಿಮಾ ತೆಗೆಯುತ್ತಿದ್ದರಂತೆ. ದೆವ್ವಕ್ಕೆ ಎತ್ತರದ ಆಳು ಬೇಕಾಗಿತ್ತು. ಪೇಟೆಯಲ್ಲಿ ಬೆಲ್ಲ ಇಳಿಸುತ್ತಿದ್ದ ಸನ್ಮತಿ ಅವರ ಕಣ್ಣಿಗೆ ಬಿದ್ದ. ಬಿದ್ದವನು ಮನೆಯಲ್ಲಿ ಒಂದು ಮಾತು ಹೇಳದೆ ದೆವ್ವವಾಗಿಯೂ ಬಿಟ್ಟ. ಚಿತ್ರ ಟಾಕೀಜಿಗೆ ಬಂದದ್ದೇ ತಡ, ನಿಪ್ಪಾಣಿಯ ಅರಿವೆ ವ್ಯಾಪಾರಿ ಭಾವುಸಾಹೇಬ, ಇವರದೇ ಬೀಗರು, ಓಡೋಡಿ ಬಂದ. ಪಡಸಾಲೆಯಲ್ಲಿ ಕೂತು ತಂದೆಯ ಮುಂದೆ ಹೇಳಿಯೇಬಿಟ್ಟ: "ನಿಮ್ಮ ಸನ್ಮತಿ ಬಾವಿಯಿಂದ ಎದ್ದು ಬಂದು ಜೀವಂತ ಕೋಳಿ ಹರಕೊಂಡು ತಿಂತಾನ್ರಿ. ಈ ಕಣ್ಣಾರೆ ನೋಡೇನಿ."

ಹೊತ್ತು ಮುಳುಗಿದ ಮೇಲೆ ನೀರು ಸಹ ಮುಟ್ಟದ ಜೈನರ ಮನೆ ಅದು. ಗೆಡ್ಡೆ ತಿಂದರೆ ಮಣ್ಣಿನ ಹುಳಕ್ಕೆ ಹಿಂಸೆ ಅಂತ ಉಳ್ಳಾಗಡ್ಡಿ ಒಳಗೆ ತರದ ಮನೆ. ಅಂಥಲ್ಲಿ ಈ ಮಾತು ಬಿದ್ದ ಮೇಲೆ ಕೇಳುವುದೇನು?

ಆ ವಾರವೇ ಒಂದು ಸಂಜೆ ಸನ್ಮತಿ ಬಂದ. ಊಟದ ಹೊತ್ತಿಗೆ ಮುಟ್ಟಬೇಕೆಂದು ಬಸ್‌ಸ್ಟ್ಯಾಂಡಿನಿಂದ ಬಿರಬಿರ ನಡೆದು ಬಂದಿದ್ದ, ಇನ್ನೂ ಬಿಸಿಲಿತ್ತು. ತಂದೆ ಬಾಗಿಲಲ್ಲೇ ತಡೆದ. "ಕೋಳಿ ತಿಂದ ಬಾಯಿಗೆ ಈ ಮನ್ಯಾಗ ಅನ್ನಿಲ್ಲ."

ಸನ್ಮತಿ ಚಾಷ್ಟಿ ಅಂದುಕೊಂಡು ನಕ್ಕ. "ಯಾ ಕೋಳಿನೋ ಅಪ್ಪಾ? ಅದು..." ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು. ಒಳಗೆ ಲಕ್ಷ್ಮಿಬಾಯಿ ಸೌಟು ಹಿಡಿದು ನಿಂತಿದ್ದಳು. ಗಂಡನ ಮಾತಿಗೆ ಎದುರಾಡುವ ಕಾಲ ಅದಲ್ಲ. ಹೊತ್ತು ಮುಳುಗಿದ ಮೇಲೆ ಬಾಗಿಲು ತೆರೆದು ನೋಡಿದರೆ ಕಟ್ಟೆಯ ಮೇಲೆ ತಗಡಿನ ಡಬ್ಬಿ ಒಂದೇ ಇತ್ತು.

ಅದೇ ಮಳೆಗಾಲದಲ್ಲಿ ಸನ್ಮತಿ ಕಾಮಾಲೆಯಾಗಿ ಕೊಲ್ಲಾಪುರದಲ್ಲೇ ತೀರಿಕೊಂಡ. ಸುದ್ದಿ ಇಲ್ಲಿಗೆ ಬರುವಷ್ಟರಲ್ಲಿ ಸಂಸ್ಕಾರವೂ ಮುಗಿದಿತ್ತು. ಲಕ್ಷ್ಮಿಬಾಯಿ ಅಳಲಿಲ್ಲ. ಬಸದಿಗೆ ಹೋಗಿ ದೇವರ ಮುಂದೆ ನೇಮ ಹಿಡಿದಳು: "ನನ್ನ ಮಗಾ ಖರೇನ ಜೀವ ತಿಂದಾನೋ ಇಲ್ಲೋ ತಿಳಿಯೂ ತನಕಾ ಕಬ್ಬಿನಿಂದ ಬಂದದ್ದು ಬಾಯಿಗೆ ಹಾಕೂದಿಲ್ಲ."

ಕಬ್ಬಿನ ನಾಡಿನಲ್ಲಿ ಇಂಥ ನೇಮ! ಬೆಲ್ಲ ಇಲ್ಲ, ಸಕ್ಕರೆ ಇಲ್ಲ, ಸುತ್ತಲೂ ಆಳೆತ್ತರ ಕಬ್ಬು ನಿಂತಿದ್ದರೂ ಒಂದು ಗಣಿಕೆ ಕಡಿಯುವಂತಿಲ್ಲ. ಸಂಕ್ರಮಣಕ್ಕೆ ಬರೀ ಎಳ್ಳು ತಿಂದಳು, ಪಂಚಮಿಯ ಉಂಡಿಯನ್ನು ಕಟ್ಟಿ ಹಂಚಿದಳೇ ಹೊರತು ರುಚಿ ನೋಡಲಿಲ್ಲ, ಹೆಣ್ಣುಮಕ್ಕಳ ಮದುವೆಯ ಹೋಳಿಗೆಯನ್ನೂ ಮುಟ್ಟಲಿಲ್ಲ.

ಆಗಿನ್ನೂ ಮೀಸೆ ಚಿಗುರುತ್ತಿದ್ದ ಜಿನ್ನಪ್ಪ ಹುರುಪಿನಿಂದ ಹೇಳಿದ್ದ: "ಅವ್ವಾ, ಅದ್ಯಾವ ದೊಡ್ಡ ಮಾತು? ನಾ ಸಿನಿಮಾ ನೋಡಿ ಬಂದು ಹೇಳ್ತೀನಿ." ಒಂದು ವಾರದ ಕೆಲಸ ಅಂದುಕೊಂಡಿದ್ದ ಪಾಪ. ನಿಪ್ಪಾಣಿಗೆ ಹೋದರೆ ಚಿತ್ರ ಎತ್ತಿಬಿಟ್ಟಿದ್ದರು. ಭಾವುಸಾಹೇಬನಿಗೆ ಹೆಸರೇ ನೆನಪಿಲ್ಲ, "ಬಾವಿಯಿಂದ ದೆವ್ವ ಬರತೈತಿ ನೋಡು, ಅದು," ಅಂತಾನೆ. ಅರ್ಧಕ್ಕರ್ಧ ಚಿತ್ರಗಳಲ್ಲಿ ದೆವ್ವ ಬಾವಿಯಿಂದಲೇ ಬರುತ್ತಿತ್ತು! ಸಾಲದ್ದಕ್ಕೆ ಓಡದ ಚಿತ್ರಗಳಿಗೆ ಹೆಸರು ಬದಲಿಸಿ, ಅಲ್ಲೊಂದು ಇಲ್ಲೊಂದು ತುಂಡು ಕಿತ್ತು, ಮತ್ತೆ ಬಿಡುತ್ತಿದ್ದರು. ಜಿನ್ನಪ್ಪ ಅಥಣಿಯ ಟಾಕೀಜು, ರಾಯಬಾಗದ ಡೇರೆ, ಚಿಕ್ಕೋಡಿಯ ವಿಡಿಯೋ ಪಾರ್ಲರು ಎಲ್ಲ ಸುತ್ತಿದ. ಸಿ.ಡಿ. ಬಂತು, ಹೋಯಿತು, ಫೋನು ಬಂತು. ತಂದೆ ತೀರಿಕೊಂಡ. ಗಾಣ ಕಿತ್ತು ಕಬ್ಬನ್ನೆಲ್ಲ ಫ್ಯಾಕ್ಟರಿಗೆ ಕಳಿಸುವುದಾಯಿತು. ಜಿನ್ನಪ್ಪನ ತಲೆ ಬೆಳ್ಳಗಾಯಿತು. ದೆವ್ವಗಳು ಮಾತ್ರ ಬಾವಿಗಳಿಂದ ಎದ್ದು ಬರುತ್ತಲೇ ಇದ್ದವು, ಒಂದೂ ಅಣ್ಣನಲ್ಲ.

"ರೀ, ಹತ್ತಿ ಕೋಳಿ ಇತ್ತು ಅಂತ ಹೇಳಿಬಿಡ್ರಲ್ಲಾ," ಅಂತ ಹೆಂಡತಿ ಮನಿಷಾ ಎಷ್ಟು ಸಲ ಹೇಳಿಲ್ಲ! "ಅತ್ತಿ ಒಂದ ಹೋಳಗಿನರೆ ತಿಂದು ಕಣ್ಣ ಮುಚ್ಚಲಿ."

"ಸುಳ್ಳ ಹೇಳೂದಿದ್ರ ಅವತ್ತ ಹೇಳ್ತಿದ್ನಿ. ದೇವರ ಮುಂದ ಹಿಡದ ನೇಮ ಅದು," ಅನ್ನುತ್ತಿದ್ದ ಜಿನ್ನಪ್ಪ. ಆದರೆ ಈ ಸಂಕ್ರಮಣಕ್ಕೆ ಅವ್ವ ಅಂಗೈಯಲ್ಲಿನ ನಾಲ್ಕು ಕಾಳು ಎಳ್ಳನ್ನೂ ಅಗಿಯಲಾಗದೆ ಬಿಟ್ಟು, "ಬರೂ ಸಂಕ್ರಮಣಾ ನಾ ಕಾಣೂದಿಲ್ಲ ಜಿನ್ನೂ," ಅಂದಳು. ಸುಳ್ಳೇ ಹೇಳಿಬಿಡಲೇ ಅಂತ ಆವತ್ತು ಮೊದಲ ಸಲ ಅವನಿಗೆ ಅನ್ನಿಸಿತು.

ಮುಂದೆ ಸ್ವಲ್ಪ ದಿನಕ್ಕೆ ಚಿತ್ರ ಸಿಕ್ಕಿತು. ಯಾವ ಪುಣ್ಯಾತ್ಮ ಫೋನಿಗೆ ಏರಿಸಿದ್ದನೋ, ಮೊದಲಿಲ್ಲ ಕೊನೆಯಿಲ್ಲ, ಹೆಸರೂ ಇಲ್ಲ. ಜಿನ್ನಪ್ಪ ಎಂದಿನಂತೆ ಪಂಪಿನ ಮನೆಯ ಹತ್ತಿರ ತೂಕಡಿಸುತ್ತಾ ನೋಡುತ್ತಿದ್ದ. ಬಾವಿಯಿಂದ ಒಂದು ಕೈ ಬಂತು, ಮೈಗೆಲ್ಲ ಮಸಿ ಬಳಿದುಕೊಂಡ ಎತ್ತರದ ದೆವ್ವ ಎದ್ದು ಬಂತು. ಮೊಣಕಾಲುದ್ದ ಕೂದಲು, ಕಟ್ಟಿಗೆಯ ಹಲ್ಲು. ಮುಖ ಯಾರದೆಂದು ಹೇಳುವ ಹಾಗಿರಲಿಲ್ಲ. ಆದರೆ ನಾಲ್ಕು ಹೆಜ್ಜೆ ನಡೆಯಿತಲ್ಲ, ಆಗ ಎಡಗಾಲು ಹೊರಗೆ ಎಸೆಯಿತು. ಸಣ್ಣವನಿದ್ದಾಗ ಬಂಡಿಯ ಗಾಲಿ ಹಾಯ್ದ ಕಾಲು ಅದು.

"ಅಣ್ಣಾ!" ಅಂದ ಜಿನ್ನಪ್ಪ, ಬಾಯಿಬಿಟ್ಟೇ.

ದೆವ್ವ ಬಾಗಿ ಒಂದು ಕೋಳಿ ಎತ್ತಿಕೊಂಡಿತು. ಕೋಳಿ ಪಟಪಟ ರೆಕ್ಕೆ ಬಡಿಯಿತು, ಅದಕ್ಕೆ ಜೀವವಿತ್ತು. ದೆವ್ವ ಬಾಯಿ ತೆರೆಯಿತು. ಜಿನ್ನಪ್ಪ ಫೋನನ್ನು ಗಪ್ಪನೆ ಬೋರಲು ಹಾಕಿಬಿಟ್ಟ. ಕೆಳಗಿನಿಂದ ಕೋಳಿಯ ಚೀರಾಟ ಕೇಳಿತು, ಆಮೇಲೆ ಕಟಕಟ ಕಡಿಯುವ ಸದ್ದು. ನೀರು ಬದು ಹಾಯ್ದು ಪಕ್ಕದವರ ಹೊಲಕ್ಕೆ ನುಗ್ಗುತ್ತಿದ್ದರೂ ಅವನು ಏಳಲಿಲ್ಲ. ಇದಕ್ಕೇನಾ ಇಷ್ಟು ವರ್ಷ ಹುಡುಕಿದ್ದು? ತಿಂದಿದ್ದಾನೆ. ಭಾವುಸಾಹೇಬ ಹೇಳಿದ್ದು ಖರೆ.

ಮನೆಗೆ ಬಂದರೆ ಅವ್ವ ಅಂಗಳದ ಬಿಸಿಲಲ್ಲಿ ಕೂತು ಬಸದಿಗೆ ಒಯ್ಯುವ ಅಕ್ಕಿ ಹಸನು ಮಾಡಿ ಅದೇ ಹಳೇ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಇವನ ಮುಖ ನೋಡಿ ಕೈ ನಿಲ್ಲಿಸಿದಳು. "ಸಿಕ್ಕಿತೇನೋ?"

ಬಾಗಿಲಲ್ಲಿ ಮನಿಷಾ ಬೇಡ ಬೇಡ ಅಂತ ಕೈಸನ್ನೆ ಮಾಡಿದಳು. ಜಿನ್ನಪ್ಪನಿಗೆ ಸುಳ್ಳು ಕಟ್ಟುವಷ್ಟೂ ತ್ರಾಣವಿರಲಿಲ್ಲ. "ಸಿಕ್ಕಿತವ್ವಾ."

"ತಿಂದಾನೇನು?"

"ತಿಂದಂಗ ಕಾಣತೈತಿ."

"ಕಾಣತೈತಿ ಅಂದ್ರ? ನೀ ನೋಡಿದೇನು?"

"ಬಾಯಿಗೆ ಒಯ್ದಾ ಅಂತ ಫೋನ ಬೋರಲ ಹಾಕಿದ್ನಿ."

ಲಕ್ಷ್ಮಿಬಾಯಿಗೆ ಎಲ್ಲಿಂದ ಬಂತೋ ಆ ಸಿಟ್ಟು! "ಮೂಳಾ! ಜಲ್ಮಾ ಎಲ್ಲಾ ಹುಡುಕಿ, ನೋಡೂ ಹೊತ್ತಿಗೆ ಕಣ್ಣ ಮುಚ್ಚಿದ್ಯಾ? ತಾ ಇಲ್ಲಿ. ಹಡದಾಕಿ ನಾ, ನಾ ನೋಡ್ತೀನಿ."

ಒಂದು ಸಿನಿಮಾ ನೋಡಿದವಳಲ್ಲ ಆಕೆ. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ದೆವ್ವ ಬಾವಿಯಿಂದ ಎದ್ದಿತು. "ಎಟ ಸೊರಗ್ಯಾನಲ್ಲೋ," ಅಂದಳು. ಕೋಳಿ ಒದ್ದಾಡಿತು, ದೆವ್ವ ಬಾಯಿ ಹಾಕಿತು, ಕೆಂಪಗೆ ಸುರಿಯಿತು. ಜಿನ್ನಪ್ಪ ಕಂಬ ನೋಡುತ್ತಾ ನಿಂತ. ಅವ್ವ ಫೋನನ್ನು ಅವನ ಕಡೆ ಚಾಚಿದಳು.

"ತಡಿ. ಮತ್ತೊಮ್ಮೆ ಹಚ್ಚು."

ಹಚ್ಚಿದ. ಆಕೆ ಮತ್ತೆ ನೋಡಿದಳು, ಮತ್ತೆ ಹಚ್ಚು ಅಂದಳು.

"ಇಲ್ಲಿ ನೋಡಪಾ," ಅಂದಳು ಕೊನೆಗೆ. ಫೋನನ್ನು ಅವನತ್ತ ತಿರುಗಿಸಿದಳು. "ಕೈ ನೋಡು ಅವಂದು."

ಈ ಸಲ ಜಿನ್ನಪ್ಪ ಕಣ್ಣು ಮುಚ್ಚಲಿಲ್ಲ. ಕೆಂಪು ಮುಂಗೈಯಿಂದ ಮೊಣಕೈಗೆ ನಿಧಾನ ಇಳಿಯುತ್ತಿತ್ತು. ನೀರಿನಂತೆ ಹರಿಯುತ್ತಿರಲಿಲ್ಲ, ಎಳೆಯೆಳೆಯಾಗಿ ಜೋಲುತ್ತಿತ್ತು. ದೆವ್ವ ಮೊಣಕೈ ಎತ್ತಿ ಕೆಳಗಿನಿಂದ ಮೇಲಕ್ಕೆ, ಒಂದು ಹನಿ ಬಿಡದೆ, ಕಣ್ಣು ಅರ್ಧ ಮುಚ್ಚಿಕೊಂಡು ನೆಕ್ಕಿತು. ರೊಟ್ಟಿ ತಿನ್ನುವಾಗ ಸನ್ಮತಿ ಹೀಗೇ ನೆಕ್ಕುತ್ತಿದ್ದ. ದೊಡ್ಡವನಾದ ಮೇಲೂ ಬಿಟ್ಟಿರಲಿಲ್ಲ, ತಂದೆಯ ಕೈಲಿ ಬೈಸಿಕೊಳ್ಳುತ್ತಿದ್ದ.

"ರಗತಾ ಯಾರರೆ ಹಿಂಗ ನೆಕ್ಕತಾರೇನೋ? ಕಾಕಂಬಿ ಅದು. ಬಣ್ಣಾ ಕಲಿಸ್ಯಾರ. ನಾನ ಕಟ್ಟಿ ಕೊಟ್ಟ ಕಾಕಂಬಿ."

ಜಿನ್ನಪ್ಪ ಕೋಳಿಯನ್ನೂ ನೋಡಿದ. ಕೈಯಲ್ಲಿದ್ದಾಗ ಅದಕ್ಕೆ ಕರೀ ಪುಚ್ಚವಿತ್ತು. ಬಾಯಿಗೆ ಬಂದದ್ದಕ್ಕೆ ಪುಚ್ಚವೂ ಇರಲಿಲ್ಲ, ಕಾಲೂ ಇರಲಿಲ್ಲ. ಅರಿವೆಯ ಗಂಟಿಗೆ ನಾಲ್ಕು ಗರಿ ಚುಚ್ಚಿದ್ದರು. ಇಂಥ ಗಂಟುಗಳನ್ನು ಎಷ್ಟು ಚಿತ್ರಗಳಲ್ಲಿ ನೋಡಿ ಆಕಳಿಸಿದ್ದ ಅವನು! ಅಣ್ಣ ಅನ್ನುವ ಹೆದರಿಕೆಗೆ ಇದೊಂದನ್ನು ನೋಡದೆ ಹೋಗಿದ್ದ. ಅಂಗಳದಲ್ಲೇ ಕುಸಿದು ಕೂತು ಸಣ್ಣ ಹುಡುಗನ ಹಾಗೆ ಅತ್ತ.

"ಅಳೂದು ಆಮ್ಯಾಲೆ. ಕಾಕಂಬಿ ತಾ ಹೋಗು," ಅಂದಳು ಅವ್ವ.

ಮನೆಯಲ್ಲಿ ಎಲ್ಲಿಂದ ಬರಬೇಕು? ಗಾಡಿ ತೆಗೆದುಕೊಂಡು ರಾಯಬಾಗ ರಸ್ತೆಗೆ ಓಡಿದ. ಅಲ್ಲಿ ಜಕ್ಕಪ್ಪ ಅನ್ನುವವನೊಬ್ಬ ಇನ್ನೂ ಗಾಣ ಇಟ್ಟಿದ್ದ. ಕೊಪ್ಪರಿಗೆ ಇಳಿಯುವ ತನಕ ಕಾಯಿಸಿಯೇ ಕೊಟ್ಟ. ವಾಪಸ್ಸು ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡಲಿಲ್ಲ. ಅಂಗಳಕ್ಕೆ ಬಂದಾಗ ಹೊತ್ತು ಮುಳುಗಿಹೋಗಿತ್ತು. ಅವ್ವ ಕೈತೊಳೆದುಕೊಂಡು ತಾಟಿನ ಮುಂದೆ ಕೂತಿದ್ದಳು. ಆಕಾಶ ನೋಡಿ ತಾಟು ಸರಿಸಿದಳು.

"ಇವತ್ತೊಂದಿನ ತಿನ್ನವ್ವಾ," ಅಂದ ಜಿನ್ನಪ್ಪ. ಅವನಿಗೆ ಎಲ್ಲದರ ಮೇಲೂ ಸಿಟ್ಟು ಬಂದಿತ್ತು, ಸೂರ್ಯನ ಮೇಲೂ.

"ನಾಳಿಗೆ ತಿಂತೀನಿ. ಓಡಿ ಹೋಗತೈತೇನದು?" ಅಂದು ಎದ್ದು ಮಲಗಲು ಹೋದಳು. ಜಿನ್ನಪ್ಪ ಮಾತ್ರ ಆಕೆಯ ಕೋಣೆಯ ಬಾಗಿಲಲ್ಲೇ ಹಾಸಿಕೊಂಡ.

ಬೆಳಿಗ್ಗೆ ಬಸದಿಗೆ ಹೋಗಿ ನೇಮ ಬಿಡಿಸಿಕೊಂಡು ಬಂದು ಕೂತಳು. ಮನಿಷಾ ಬಿಸಿ ರೊಟ್ಟಿ ಹಾಕಿ ಕಾಕಂಬಿ ಸುರಿದಳು. ಅವ್ವ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ನುಂಗಲಿಲ್ಲ. ಎರಡನೇ ತುತ್ತಿಗೆ ಕಾಕಂಬಿ ಮುಂಗೈ ಮೇಲೆ ಇಳಿಯಿತು. ಆಕೆ ಮೊಣಕೈ ಎತ್ತಿ ಕೆಳಗಿನಿಂದ ಮೇಲಕ್ಕೆ ನೆಕ್ಕಿದಳು. ಇದನ್ನು ಮರೆತೇಬಿಟ್ಟಿದ್ದ ಜಿನ್ನಪ್ಪ. ಆ ಚಟ ಅಣ್ಣನಿಗೆ ಬಂದದ್ದೇ ಇಲ್ಲಿಂದ.

ಇನ್ನರ್ಧ ರೊಟ್ಟಿ ಹಾಗೇ ಇತ್ತು. ಅವ್ವ ಡಬ್ಬಿ ತರಿಸಿ ಅದರೊಳಗಿನ ಅಕ್ಕಿಯನ್ನು ಮೊರಕ್ಕೆ ಸುರಿದಳು. ಸೆರಗಿನಿಂದ ಒಳಗೆಲ್ಲ ಒರೆಸಿ ಜಿನ್ನಪ್ಪನ ಮುಂದಿಟ್ಟಳು. "ಉಳದ ಕಾಕಂಬಿ ಇದರಾಗ ತುಂಬು."

"ಯಾರಿಗವ್ವಾ?"

"ಅವಾ ಖಾಲಿ ಡಬ್ಬಿ ಹಿಡಕೊಂಡು ಬಂದಿದ್ದ, ಜಿನ್ನೂ. ಕೋಳಿ ತಿಂದಾವ ಕಾಕಂಬಿ ಡಬ್ಬಿ ಯಾಕ ತರ್ತಾನ ಅಂತ ನನಗ ಅವತ್ತ ತಿಳೀಬೇಕಾಗಿತ್ತು. ಬಾಗಲದ ಒಳಗ ನಾ ನಿಂತಿದ್ನಿ. ಹಸದಿದ್ದ ಅವಾ."

ಜಿನ್ನಪ್ಪ ತುಂಬಿದ. ತುಕ್ಕು ಹಿಡಿದ ಮುಚ್ಚಳ ಕೂರಲಿಲ್ಲ. ಅವ್ವ ಡಬ್ಬಿಯನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡು, ರೊಟ್ಟಿ ಸಾಕು ಅಂದಳು.