ಗಾಲಿಯ ಬಾಯಿ ಮುಚ್ಚಿಸಿದ ಕೆಂಚಯ್ಯ

ಹುಲಿಯನ್ನು ಹೊಯ್ದ ಸಳನಿಗೆ ಬೇಲೂರಿನಲ್ಲೂ ಹಳೇಬೀಡಿನಲ್ಲೂ ಕಲ್ಲಿನ ಮೂರ್ತಿಗಳಿವೆ. ಅರಸೀಕೆರೆಯಲ್ಲಿ ರೈಲಿನ ಗಾಲಿಯ ಮೇಲೆ ಯುದ್ಧ ಹೂಡಿದ ಕೆಂಚಯ್ಯನ ಹೆಸರಿನಲ್ಲಿ ಒಂದು ಇಟ್ಟಿಗೆಯೂ ಇಲ್ಲ.

ತೊಂಬತ್ತರ ದಶಕದಲ್ಲಿ ಹಾಸನಕ್ಕೆ ಹೋಗುವ ಮೀಟರ್‌ಗೇಜ್ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದ ಮೇಲೆ, ಕೊಬ್ಬರಿ ಮಂಡಿಗಳ ಹಿಂದಿನ ತಿರುವಿನಲ್ಲಿ ಗಾಲಿಗಳು ಕಿರುಚತೊಡಗಿದವು. ಗಾಲಿಯ ಅಂಚು ಹಳಿಯ ಪಕ್ಕೆಗೆ ಉಜ್ಜಿ, ಕಬ್ಬಿಣ ಕಬ್ಬಿಣವನ್ನು ಕಚ್ಚಿ ಎಳೆದಂಥ ಸದ್ದು. ಅಲ್ಲಿನ ಬೀದಿಯವರು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಕಿವಿ ಮುಚ್ಚುವರು. ರೈಲು ಹೋದ ಮೇಲೆ ಉಳಿದರ್ಧ ಆಡುವರು. ಹೀಗಾಗಿ ಜಗಳಗಳು ದುಪ್ಪಟ್ಟು ಉದ್ದವಾದವು.

ದಿನಾ ಸುತ್ತಿಗೆ ಹಿಡಿದು ಹಳಿಗುಂಟ ನಡೆಯುತ್ತ, ಸಡಿಲವಾದ ಕೀಲುಗಳನ್ನು ಬಡಿದು ಕೂರಿಸುವ ಕೀಮನ್ ಕೆಲಸ ಕೆಂಚಯ್ಯನದು. ತಿರುವಿನ ಹಳಿಗೆ ಗ್ರೀಸ್ ಬಳಿಯುವವನೂ ಅವನೇ. ಬಟ್ಟೆ ಸುತ್ತಿದ ಕೋಲೆಂಬ ಗದೆ ಹಿಡಿದು ಬಳಿದ. ಸದ್ದು ಒಂದು ದಿನ ಮಲಗಿ ಮರುದಿನ ಎದ್ದು ಕೂತಿತು. ಗ್ರೀಸ್ ಸಾಲದೆಂದು ಮಂಡಿಯ ಷಡಕ್ಷರಪ್ಪನ ಬಳಿ ಕೊಬ್ಬರಿ ಎಣ್ಣೆಯ ಗಸಿ ಕೇಳಲು ಹೋದ.

"ಏನ್ಲಾ ಕೆಂಚ, ರೈಲಿಗೆ ಎಣ್ಣೆಸ್ನಾನ ಮಾಡಿಸ್ತೀಯಾ?"

"ಎಣ್ಣೆ ನಿಮ್ದು ಸ್ವಾಮಿ. ಸೀಗೆಪುಡಿ ನಾ ತತ್ತೀನಿ."

ವರ್ಷಗಟ್ಟಲೆ ಸಮರ ನಡೆಯಿತು. ರೈಲು ಬಂದಾಗ ಊರು ಕಿವಿ ಮುಚ್ಚಿದರೆ, ನಮ್ಮ ವೀರ ಹಳಿಯ ಮಗ್ಗುಲಲ್ಲೇ ತಲೆ ಬಗ್ಗಿಸಿ, ಶತ್ರು ಎಲ್ಲಿಂದ ಕೂಗುತ್ತಾನೆಂದು ಆಲಿಸುತ್ತಿದ್ದ.

ಕಡೆಗೊಂದು ಬೇಸಿಗೆ, ಹಾಸನದ ಪ್ಯಾಸೆಂಜರ್ ತಿರುವು ದಾಟಿತು. ಗಡಗಡ ಸದ್ದು ಬಿಟ್ಟರೆ ಕಿರುಚಾಟವೇ ಇಲ್ಲ. ಕೆಂಚಯ್ಯ ಮನೆಮನೆಗೆ ಮೈಸೂರು ಪಾಕ್ ಹಂಚಿದ. "ಬಾಯಿ ಮುಚ್ಚಿಸ್ದೆ ಕಣ್ರೀ."

ಬೀದಿಯವರು ಮುಖಮುಖ ನೋಡಿಕೊಂಡು ತಿಂದರು. ಗಾಲಿ ಎಂದಿನಂತೆಯೇ ಕಿರುಚಿತ್ತು. ಹೆಂಡತಿ ಸಣ್ಣತಾಯಮ್ಮ ಮಾತ್ರ ಸಿಹಿಯನ್ನು ತಟ್ಟೆಗೇ ವಾಪಸು ಇಟ್ಟಳು. ಗಂಡನಿಗೆ ಗಟ್ಟಿ ಮಾತು ಕೇಳುತ್ತದೆ, ಕೀರಲು ಸದ್ದು ಕೇಳುವುದಿಲ್ಲ. ಹಿಂದಿನಿಂದ ಬರುವ ರೈಲಿನ ಸೀಟಿಗೆ ಕಿವಿಗೊಟ್ಟು ಹಳಿಯಿಂದ ಇಳಿಯಬೇಕಾದವನು ಅವನು. ಹೇಳಿದರೆ ಅವನ ಗೆಲುವು ಹೋಗುತ್ತದೆ, ಹೇಳದಿದ್ದರೆ ಅವನೇ ಹೋಗುತ್ತಾನೆ.

"ಅದಿನ್ನೂ ಕೂಗ್ತಾನೇ ಐತೆ," ಎಂದಳು ಸಂಜೆ.

"ನಿಂಗೆ ಹೊಟ್ಟೆಕಿಚ್ಚು ಕಣೇ."

"ಯಾರ ಮ್ಯಾಲೆ, ರೈಲಿನ ಮ್ಯಾಲಾ?"

ಅವನು ನಂಬಲಿಲ್ಲ. ಅವನ ರಜೆಯ ದಿನ ಸಣ್ಣತಾಯಮ್ಮ ಮೊಮ್ಮಗಳು ಭಾಗ್ಯಳನ್ನು ಎತ್ತಿಕೊಂಡು ಅವನನ್ನು ತಿರುವಿಗೆ ಕರೆತಂದಳು. "ಇವತ್ತು ರೈಲು ನೋಡ್ಬ್ಯಾಡಿ. ಜನಾನ ನೋಡಿ."

ಪ್ಯಾಸೆಂಜರ್ ಬಂತು. ಷಡಕ್ಷರಪ್ಪ ಕೊಬ್ಬರಿ ತೂಗುವುದನ್ನು ಬಿಟ್ಟು ಎರಡೂ ಕಿವಿ ಮುಚ್ಚಿದ. ಕೈತುಂಬ ಟೀ ಲೋಟ ಹಿಡಿದಿದ್ದ ಹೋಟೆಲಿನ ಶಿವಯ್ಯ ತಲೆ ವಾಲಿಸಿ ಒಂದು ಕಿವಿಯನ್ನಾದರೂ ಹೆಗಲಿಗೆ ಒತ್ತಿದ. ಸಣ್ಣತಾಯಮ್ಮ ಮಗುವನ್ನು ಕೆಳಗಿಳಿಸಿ ಅದರ ಕಿವಿ ಮುಚ್ಚಿದಳು. ಬೀದಿಗೆ ಬೀದಿಯೇ ಮುಖ ಕಿವುಚಿಕೊಂಡು ನಿಂತಿರುವಾಗ, ಇಳಿಬಿದ್ದಿದ್ದ ಕೈಗಳು ಕೆಂಚಯ್ಯನವು ಮಾತ್ರ. ಅವನು ಒಬ್ಬೊಬ್ಬರನ್ನೂ ನೋಡಿದ. ಇಷ್ಟು ಜನ ಒಟ್ಟಿಗೆ ಸುಳ್ಳು ಹೇಳುವಷ್ಟು ಒಗ್ಗಟ್ಟು ಆ ಬೀದಿಯಲ್ಲಿ ಎಂದೂ ಇರಲಿಲ್ಲ.

ರೈಲು ಹೋಯಿತು. ಮಗು ಓಡಿಬಂದು ಅವನ ಕಾಲು ತಬ್ಬಿತು. ಕೆಂಚಯ್ಯ ಬಗ್ಗಿ ಅದರ ಪಾದ ನೋಡಿದ.

"ಗೆಜ್ಜೆ ಮತ್ತೆ ಯಾವಾಗ ಹಾಕ್ದೆ ಇದಕ್ಕೆ?"

ಸಣ್ಣತಾಯಮ್ಮ ಅವನ ಕಿವಿಯ ಹತ್ತಿರ ಬಂದು ಹೇಳಿದಳು. "ಬಿಚ್ಚೇ ಇಲ್ಲ."

ಮರುದಿನ ಅವನೇ ಹೋಗಿ ಸುತ್ತಿಗೆ ಒಪ್ಪಿಸಿದ. ಕಚೇರಿಯಲ್ಲಿ ನೀರು ತುಂಬುವ ಕೆಲಸ ಕೊಟ್ಟರು. ಹಳಿಗೆ ಈಗ ಬೇರೆಯವರು ಗ್ರೀಸ್ ಬಳಿಯುತ್ತಾರೆ. ಸಂಜೆ ಭಾಗ್ಯ ಅಂಗಳದಲ್ಲಿ ಕುಣಿಯುವಾಗ ಕೆಂಚಯ್ಯ ಅವಳ ಪಾದಗಳನ್ನೇ ನೋಡುತ್ತಾ ಕೂತಿರುತ್ತಾನೆ.